ರೋಮಿನ ಮಣ್ಣು, ಮಸಗುಪ್ಪಿಯ ಕೂದಲು

ಹಂಚು ಹಾರಿದ ಮುಂಜಾನೆ

ಲಡಾಯಿಯ ಕಥೆ ಹೇಳು ಎಂದು ಊರಲ್ಲಿ ಎಲ್ಲರೂ ಕೇಳುತ್ತಾರೆ. ಲಡಾಯಿಯಲ್ಲಿ ನಾನು ಕಂಡದ್ದು ಮುಕ್ಕಾಲು ಪಾಲು ಕೆಸರು, ಉಳಿದದ್ದು ಹೇಳುವಂಥದ್ದಲ್ಲ. ಹೇಳುವಂಥದ್ದು ನಡೆದದ್ದು ಲಡಾಯಿ ಮುಗಿದ ಮೇಲೆ, ಇಟಲಿ ದೇಶದ ರೋಮ್ ಶಹರದಲ್ಲಿ. ಅಲ್ಲಿ ನಾನು ಹತ್ತಾರು ದೇಶದ ಸಿಪಾಯಿಗಳ ಎದುರು ಒಂದು ತಟ್ಟೆ ಎಸೆದೆ. ಮಸಗುಪ್ಪಿಯ ಗರಡಿಯಲ್ಲಿ ಮೈ ಬೆಳೆಸಿದ ಬಾಳಪ್ಪನಿಗೂ ಆ ತಟ್ಟೆಗೂ ಗಂಟು ಬಿದ್ದದ್ದು ಹೇಗೆಂದು ಮೊದಲು ಹೇಳಿಬಿಡುತ್ತೇನೆ.

ಜರ್ಮನರು ಬಿಳಿ ಬಟ್ಟೆ ಎತ್ತಿ ಶರಣಾದ ಮೇಲೆ ನಮ್ಮ ಪಲ್ಟನ್ನಿಗೆ ಮಾಡಲು ಕೆಲಸವಿರಲಿಲ್ಲ. ಒಂದು ದ್ರಾಕ್ಷಿ ತೋಟದ ಬಾಜೂ ಡೇರೆ ಹೊಡೆದುಕೊಂಡು, ಮನೆಗೆ ಹೋಗುವ ಹಡಗಿನ ದಾರಿ ಕಾಯುತ್ತಿದ್ದೆವು. ಹಡಗುಗಳು ಕಡಿಮೆ, ಸಿಪಾಯಿಗಳು ವಿಪರೀತ. ಯಾರ ಪಾಳಿ ಯಾವಾಗ ಎಂದು ದೊಡ್ಡ ಸಾಹೇಬರಿಗೂ ಗೊತ್ತಿರಲಿಲ್ಲ. ಕೆಲವರು ಇಸ್ಪೀಟು ಆಡಿದರು, ಕೆಲವರು ತೋಟದ ಮಾಲೀಕನ ಜೊತೆ ಸೇರಿ ದ್ರಾಕ್ಷಿ ಬಳ್ಳಿ ಕಟ್ಟಿದರು.

ನನಗೆ ಮಾತ್ರ ಕಾಯುವ ಪುರಸೊತ್ತಿರಲಿಲ್ಲ. ಊರಲ್ಲಿ ನನ್ನ ತಂಗಿ ನೀಲವ್ವನ ಮಗನ ಜವಳ ತೆಗೆಯಬೇಕಿತ್ತು. ಹುಟ್ಟುಗೂದಲಿಗೆ ಮೊದಲ ಕತ್ತರಿ ಹಾಕುವ ಹಕ್ಕು ಸೋದರಮಾವನದು, ನೀಲವ್ವನಿಗೆ ಇರುವ ಅಣ್ಣ ನಾನೊಬ್ಬನೇ. ಕೂಸು ಹುಟ್ಟಿದಾಗ ನಾನು ಸಮುದ್ರದ ಮೇಲಿದ್ದೆ. ಒಂದನೆಯ ವರ್ಷದಲ್ಲಿ ತೆಗೆಯಬೇಕಾಗಿದ್ದದ್ದು ತಪ್ಪಿತು. ಎರಡು, ನಾಲ್ಕು ಎಂಬ ಸರಿ ವರ್ಷಗಳಲ್ಲಿ ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ. ಈಗ ಮೂರನೆಯದು ನಡೆದಿತ್ತು. ಇದೂ ತಪ್ಪಿದರೆ ಐದರವರೆಗೆ ಆ ಹುಡುಗ ಜಡೆ ಹೊತ್ತುಕೊಂಡೇ ತಿರುಗಬೇಕು.

ಹೊಸದಾಗಿ ಪಲ್ಟನ್ನಿಗೆ ಬಂದ ಮೂಡಲಗಿಯವನೊಬ್ಬ ಈ ಸುದ್ದಿಯನ್ನೂ ಒಂದು ಡಬ್ಬಿ ಕರದಂಟನ್ನೂ ತಂದುಕೊಟ್ಟಿದ್ದ. ನಿನ್ನ ಅಣ್ಣ ಯಾವಾಗ ಬರುತ್ತಾನೋ ಏನೋ, ನಾನೇ ಕತ್ತರಿ ಹಾಕುತ್ತೇನೆ ಎಂದು ದೂರದ ಕಾಕಾ ಒಬ್ಬ ಮುಂದೆ ಬಂದಿದ್ದನಂತೆ. ನೀಲವ್ವ ಮನೆಯ ಕತ್ತರಿಯನ್ನೇ ಒಯ್ದು ಬಾವಿಗೆ ಎಸೆದಳಂತೆ. ಆಕೆ ಹೇಳಿಕಳಿಸಿದ ಮಾತನ್ನು ಅವನು ಹಾಗೆಯೇ ಒಪ್ಪಿಸಿದ: "ಅಣ್ಣ ಬರೂತನಕ ಕೂಸಿನ ತಲಿಗೆ ಕತ್ತರಿ ತಾಗಂಗಿಲ್ಲ. ಈ ಕೂದಲಾ ಇರೂತನಕ ನಮ್ಮಣ್ಣಗ ಏನೂ ಆಗಂಗಿಲ್ಲ."

ಕೇಳಿ ನನಗೆ ಅಳು ಬಂತು. ಜೊತೆಗೇ ಸಿಟ್ಟೂ ಬಂತು. ಮೂರು ಬೇಸಿಗೆಯ ಕೂದಲು ಹೊತ್ತ ಕೂಸಿನ ತಲೆಯಲ್ಲಿ ಹೇನು ಎಷ್ಟಿರಬಹುದೆಂದು ಆಕೆ ಯೋಚಿಸಬೇಡವೇ. ನನ್ನ ಜೀವಕ್ಕೆ ಕಾವಲು ನಿಂತದ್ದು ಒಂದು ಚಿಕ್ಕ ತಲೆ ಎಂದು ತಿಳಿದ ಮೇಲೆ ನಾನು ಡೇರೆಯಲ್ಲಿ ಸುಮ್ಮನೆ ಕೂರಲಾರದೆ ಹೋದೆ.

ಅದೇ ವಾರ ನಾಯಿಯೊಂದು ನಮ್ಮ ಅಡುಗೆಯವ ಯಲ್ಲಪ್ಪನ ರೊಟ್ಟಿ ಕಚ್ಚಿಕೊಂಡು ಓಡಿತು. ಯಲ್ಲಪ್ಪ ಹುಕ್ಕೇರಿ ಕಡೆಯ ದಡ್ಡಿ ಎಂಬ ಊರಿನವ, ಘಟಪ್ರಭೆಯ ನೀರು ಕುಡಿದು ಬೆಳೆದವ, ನಾಲಿಗೆ ಬಲು ಹರಿತ. ನಾಯಿಯನ್ನು ಬೆದರಿಸಲು ನನ್ನ ಕೈಗೆ ಸಿಕ್ಕದ್ದು ಅವನ ರೊಟ್ಟಿ ಸುಡುವ ಕಬ್ಬಿಣದ ಹಂಚು. ಬೀಸಿ ಎಸೆದೆ. ಅದು ನಾಯಿಯನ್ನು ದಾಟಿ, ಡೇರೆಗಳನ್ನು ದಾಟಿ, ದಾಡಿ ಮಾಡಿಕೊಳ್ಳುತ್ತಿದ್ದ ಕ್ಯಾಪ್ಟನ್ ಸಾಹೇಬರ ಕನ್ನಡಿಯ ಹತ್ತಿರ ಹೋಗಿ ಬಿತ್ತು. ನಾಯಿ ನಿಂತು ನೋಡಿತು, ಆಮೇಲೆ ನಿಧಾನವಾಗಿ ರೊಟ್ಟಿ ತಿಂದಿತು.

ಶಿಕ್ಷೆಗೆ ಸಿದ್ಧನಾಗಿ ನಿಂತಿದ್ದೆ. ಸಾಹೇಬರು ಅರ್ಧ ಮುಖಕ್ಕೆ ಸಾಬೂನು ಹಚ್ಚಿಕೊಂಡೇ ಬಂದು, ಇನ್ನೊಮ್ಮೆ ಎಸೆ ನೋಡೋಣ ಎಂದರು. ರೋಮಿನಲ್ಲಿ ಮಿತ್ರದೇಶಗಳ ಸೈನ್ಯಗಳೆಲ್ಲ ಸೇರಿ ಆಟೋಟದ ಪಂದ್ಯ ನಡೆಸುತ್ತವೆ, ನಮ್ಮ ಕಡೆಯಿಂದ ಡಿಸ್ಕಸ್ ತಟ್ಟೆ ಎಸೆಯುವವರೇ ಇಲ್ಲ, ನೀನು ನಡೆ ಎಂದು ಅವರ ಸೈನ್ಯದ ಹಿಂದುಸ್ತಾನಿಯಲ್ಲಿ ಹೇಳಿದರು. ಕೊನೆಗೆ ಒಂದು ಮಾತು ಸೇರಿಸಿದರು: ಯಾವುದೇ ಆಟದಲ್ಲಿ ಮೊದಲ ಆರು ಜನರೊಳಗೆ ಬಂದ ನಮ್ಮ ಸಿಪಾಯಿಗೆ ಮೊದಲ ಹಡಗಿನಲ್ಲಿ ಊರಿಗೆ ರಜೆ. ಆ ಮಾತು ಕೇಳಿದಾಗಿನಿಂದ ನನ್ನ ಕಣ್ಣಿಗೆ ತಟ್ಟೆ ಕಾಣಲಿಲ್ಲ, ಜಡೆ ಬಿಟ್ಟ ಒಂದು ತಲೆಯೇ ಕಾಣತೊಡಗಿತು.

ದಾರಿಯಲ್ಲಿ, ಸಪ್ಪನೆಯ ಶಾವಿಗೆ

ಲಾರಿಯಲ್ಲಿ ರೋಮಿಗೆ ಹೊರಟೆವು. ನಮ್ಮ ಆಟಗಾರರ ಹೊಟ್ಟೆ ನೋಡಿಕೊಳ್ಳಲು ಯಲ್ಲಪ್ಪನೂ ಬಂದ. ಹಂಚನ್ನೂ ತಂದಿದ್ದ. ನಾನು ಎಸೆದದ್ದರಿಂದ ಅದರ ನಡು ತಗ್ಗಿ, ರೊಟ್ಟಿ ಒಂದು ಕಡೆ ಸುಟ್ಟು ಒಂದು ಕಡೆ ಹಸಿ ಉಳಿಯುತ್ತಿತ್ತು. ಹಸಿ ಭಾಗವನ್ನು ತಪ್ಪದೆ ನನ್ನ ತಾಟಿಗೇ ಹಾಕುತ್ತಿದ್ದ.

ಇಟಲಿಯವರು ಶಾವಿಗೆ ತಿನ್ನುತ್ತಾರೆ. ಇದನ್ನು ಊರಲ್ಲಿ ಹೇಳಿದರೆ ಹೆಂಗಸರು ಸಂತೋಷಪಡುತ್ತಾರೆ, ಹೇಗೆ ತಿನ್ನುತ್ತಾರೆಂದು ಹೇಳಿದರೆ ಬೇಸರಪಡುತ್ತಾರೆ. ಹಾಲಿಲ್ಲ, ಬೆಲ್ಲವಿಲ್ಲ, ಮೇಲೆ ಟೊಮೇಟೊ ಹಣ್ಣಿನ ಹುಳಿ ಸುರಿದು, ಮುಳ್ಳು ಚಮಚಕ್ಕೆ ಸುತ್ತಿಕೊಂಡು ನುಂಗುವುದು. ನಾನು ಲಿಂಗ ಕಟ್ಟಿದವ, ಮಾಂಸ ಮುಟ್ಟದವ, ಆದ್ದರಿಂದ ದಾರಿಯುದ್ದಕ್ಕೂ ಅದೇ ನನಗೆ ಗತಿಯಾಯಿತು. ಯಲ್ಲಪ್ಪ ಅದರ ಮೇಲೆ ನಮ್ಮ ಕೆಂಪುಖಾರ ಉದುರಿಸಿ ಕೊಟ್ಟ. ಊಟದ ಮನೆಯ ಯಜಮಾನಿ ಕುತೂಹಲದಿಂದ ಒಂದು ಎಳೆ ಬಾಯಿಗೆ ಹಾಕಿಕೊಂಡಳು. ಆಮೇಲೆ ಆಕೆ ನೀರಿನ ಕೊಡದ ಹತ್ತಿರ ಬಹಳ ಹೊತ್ತು ನಿಂತಿದ್ದಳು.

ಆ ಜನ ಕೈಯಿಂದ ಮಾತಾಡುತ್ತಾರೆ. ದಾರಿ ಕೇಳಿದರೆ ಎರಡೂ ಕೈ ಬೀಸುತ್ತಾರೆ, ಹವಾ ಹೇಗಿದೆ ಎಂದರೆ ಹತ್ತೂ ಬೆರಳು ಕುಣಿಸುತ್ತಾರೆ. ಇದನ್ನು ನೋಡಿ ನನಗೆ ಮೂಡಲಗಿಯ ದನದ ಸಂತೆ ನೆನಪಾಯಿತು. ಅಲ್ಲಿ ದಲಾಲರು ಹೆಗಲ ಮೇಲಿನ ವಲ್ಲಿಯ ಮರೆಯಲ್ಲಿ ಒಬ್ಬರ ಕೈ ಒಬ್ಬರು ಹಿಡಿದು, ಬೆರಳು ಒತ್ತಿ ಎತ್ತಿನ ಬೆಲೆ ಗೊತ್ತು ಮಾಡುತ್ತಾರೆ. ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಭಾಷೆ ಬಾರದ ಊರಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರವಿಲ್ಲ ಎಂದುಕೊಂಡೆ.

ಅದನ್ನು ರೋಮಿಗೆ ಮುಟ್ಟಿದ ಮರುದಿನವೇ ಪರೀಕ್ಷಿಸಿದೆ. ಒಂದು ಓಣಿಯಲ್ಲಿ ಚಾಕು, ಕತ್ತರಿಗಳ ಅಂಗಡಿ ಕಂಡಿತು. ಹಿತ್ತಾಳೆಯ ಹಿಡಿಕೆಯ ಒಂದು ಸಣ್ಣ ಕತ್ತರಿ ನನ್ನ ಮನಸ್ಸಿಗೆ ಬಂತು. ಆ ದಿನಗಳಲ್ಲಿ ಅಲ್ಲಿ ದುಡ್ಡಿಗಿಂತ ಸಿಗರೇಟಿಗೆ ಬೆಲೆ ಹೆಚ್ಚು, ನಾನು ಸೇದದವನಾದ್ದರಿಂದ ನನ್ನ ಪಾಲಿನ ಪಾಕೀಟುಗಳು ಉಳಿದಿದ್ದವು. ಅಂಗಡಿಯ ಮುದುಕನ ಕೈ ಹಿಡಿದು ಮೇಲೆ ಟವೆಲು ಮುಚ್ಚಿ, ಎರಡು ಬೆರಳು ಒತ್ತಿದೆ. ಆತ ಗಾಬರಿಯಾಗಿ ಹೆಂಡತಿಯನ್ನು ಕೂಗಿದ. ಹೆಂಡತಿ ಬಂದಳು, ಅವಳ ತಂಗಿಯೂ ಬಂದಳು. ಯಲ್ಲಪ್ಪ ಟವೆಲು ಎಳೆದು, ಎರಡು ಪಾಕೀಟು ಮೇಜಿನ ಮೇಲಿಟ್ಟ. ಮುದುಕ ನಕ್ಕ. ಹೋಗುವಾಗ ತಾನೇ ಟವೆಲು ಕೇಳಿ ಇಸಿದುಕೊಂಡು, ಮರೆಯಲ್ಲಿ ನನ್ನ ಕೈಯನ್ನು ಒಮ್ಮೆ ಒತ್ತಿ ಕಳಿಸಿದ.

ಪಂದ್ಯ ಇನ್ನೂ ನಾಳೆ ಇರುವಾಗ ಕತ್ತರಿ ಕೊಂಡದ್ದಕ್ಕೆ ಯಲ್ಲಪ್ಪ ದಾರಿಯುದ್ದಕ್ಕೂ ಗೇಲಿ ಮಾಡಿದ. ಆರರೊಳಗೆ ಬರದಿದ್ದರೆ ಅದರಿಂದ ಮಸಾಲೆಯ ಮೆಣಸಿನಕಾಯಿ ಕತ್ತರಿಸುತ್ತೇನೆ, ಇಟ್ಟುಕೋ ಎಂದ. ನಾನು ಕತ್ತರಿಯನ್ನು ಅಂಗಿಯ ಒಳಗಿನ ಕಿಸೆಯಲ್ಲಿಟ್ಟೆ.

ಮೈದಾನ, ಕಲ್ಲಿನ ಗಂಡಸರು

ಅಂದೇ ಮಧ್ಯಾಹ್ನ ನಮ್ಮನ್ನು ಪಂದ್ಯದ ಮೈದಾನ ನೋಡಲು ಕರೆದೊಯ್ದರು. ಅದರ ಸುತ್ತಲೂ ಬಿಳಿ ಕಲ್ಲಿನ ಗಂಡಸರ ಮೂರ್ತಿಗಳು ನಿಂತಿವೆ. ಆಳೆತ್ತರ ಮೀರಿದ ಜಟ್ಟಿಗಳು, ಒಬ್ಬನ ಮೈಮೇಲೂ ಲಂಗೋಟಿ ಇಲ್ಲ. ನಮ್ಮ ಕಡೆ ಜೈನರ ಬಸದಿಗಳಲ್ಲಿ ಬತ್ತಲೆ ಮೂರ್ತಿ ಕಂಡವ ನಾನು, ಆದರೆ ಅಲ್ಲಿನ ಮುಖದಲ್ಲಿ ಎಲ್ಲವನ್ನೂ ಬಿಟ್ಟ ಶಾಂತಿ ಇರುತ್ತದೆ. ಇವರ ಮುಖ ನೋಡಿದರೆ ಯಾರೋ ಅವರ ಬಟ್ಟೆ ಕದ್ದು ಓಡಿದಂತಿತ್ತು.

ಡಿಸ್ಕಸ್ ಎಂಬುದು ಮರದ ತಟ್ಟೆ, ಅಂಚಿಗೆ ಕಬ್ಬಿಣದ ಪಟ್ಟಿ. ಕಬ್ಬಿಣದ ಬಳೆ ಹೂಳಿದ ಮಣ್ಣಿನ ವೃತ್ತದೊಳಗೆ ನಿಂತು, ಗಿರ್ರನೆ ತಿರುಗಿ, ಎಸೆಯಬೇಕು. ತಿರುಗುವಾಗ ಕೊರಳಲ್ಲಿನ ಲಿಂಗದ ಪುಟ್ಟ ಡಬ್ಬಿ, ಕರಡಿಗೆ, ಹಾರದಂತೆ ಎದೆಗೆ ಬಟ್ಟೆ ಬಿಗಿದುಕೊಂಡಿದ್ದೆ. ಪಕ್ಕದಲ್ಲಿದ್ದ ಅಮೆರಿಕದವನೊಬ್ಬ ಪೆಟ್ಟಾಗಿದೆಯೇ ಎಂದು ಸನ್ನೆಯಲ್ಲಿ ಕೇಳಿದ. ಕರಡಿಗೆ ಮುಟ್ಟಿ, ಮೇಲೆ ಕೈ ತೋರಿಸಿದೆ. ಅವನು ತಲೆ ಆಡಿಸಿ ತನ್ನ ಕೊರಳಿನ ಶಿಲುಬೆ ತೋರಿಸಿದ. ಗೋದಿ ಬೆಳೆಯುವ ರೈತನಂತೆ, ಆಳು ಕಣಜದಷ್ಟು ಅಗಲ. ಅವನಿಗೆ ಒಂದು ತುಂಡು ಕರದಂಟು ಕೊಟ್ಟೆ. ಹಳೆಯದಾಗಿ ಕಲ್ಲಾಗಿತ್ತು, ಅವನ ಹಲ್ಲಿಗೆ ಅಂಟಿ ಸಂಜೆಯವರೆಗೂ ಅವನು ಮಾತಾಡಲಿಲ್ಲ.

ಆ ವೃತ್ತದ ಮಣ್ಣು ಕಂಡು ನನಗೆ ಧೈರ್ಯ ಬಂತು. ನೀರು ಚಿಮುಕಿಸಿ, ಹಲ್ಲುಕೋಲಿನಿಂದ ಎಳೆದು ಹದ ಮಾಡಿದ್ದರು, ನಮ್ಮ ಗರಡಿಯ ಹಾಗೆ. ನಮ್ಮ ಉಸ್ತಾದರು ಎರಡು ಮಾತು ಕಲಿಸಿದ್ದರು. ಗೆಲ್ಲು, ಸೋಲು, ಕಣ್ಣೆತ್ತುವ ಮೊದಲು ಮುಂದಿನ ಮಣ್ಣು ಮುಟ್ಟಿ ಹಣೆಗೆ ಹಚ್ಚು. ಮತ್ತೆ, ಕಣಕ್ಕೆ ಬೆನ್ನು ತೋರಿಸಬೇಡ, ಬೆನ್ನು ತೋರಿಸುವವನು ಸೋತು ಓಡುವವನು. ಹತ್ತು ವರ್ಷ ಹಾಗೆ ಮಾಡಿದ ಮೇಲೆ ಅದು ನನ್ನ ತಲೆಯಲ್ಲಿರಲಿಲ್ಲ, ಮೊಣಕಾಲಲ್ಲಿ, ಕೈಯಲ್ಲಿ ಸೇರಿಹೋಗಿತ್ತು. ಡೇರೆಯ ಹತ್ತಿರ ಸುಣ್ಣದ ಗೆರೆ ಎಳೆದು ಅಭ್ಯಾಸ ಮಾಡುವಾಗಲೂ ಹಾಗೆಯೇ ಮಾಡುತ್ತಿದ್ದೆ. ಸಾಹೇಬರು ಅದನ್ನು ಸಲಾಮು ಎಂದುಕೊಂಡು ಖುಷಿಪಡುತ್ತಿದ್ದರು.

ಪಂದ್ಯದ ದಿನ

ಕಾಯ್ದೆ ಹೀಗಿತ್ತು: ಎಲ್ಲರಿಗೂ ಮೂರು ಎಸೆತ, ಅದರಲ್ಲಿ ಮುಂದಿದ್ದ ಆರು ಜನರಿಗೆ ಇನ್ನೂ ಮೂರು. ಉಳಿದ ಕಾಯ್ದೆಗಳನ್ನು ತೀರ್ಪು ಕೊಡುವ ಪಂಚರೊಬ್ಬರು ಇಂಗ್ಲಿಷಿನಲ್ಲಿ ಓದಿದರು. ನಮ್ಮ ಸಾಹೇಬರು ಆ ಹೊತ್ತಿಗೆ ಓಟದವರ ಜೊತೆ ಮೈದಾನದ ಆಚೆ ಬದಿಯಲ್ಲಿದ್ದರು. ನನಗೆ ತಿಳಿದ ಇಂಗ್ಲಿಷು ಯೆಸ್ ಸರ್ ಒಂದೇ, ಅದನ್ನು ಹೇಳಿದೆ.

ನನಗಿಂತ ಮೊದಲು ಎಸೆದವರಿಗೆಲ್ಲ ಪಂಚರು ಬಿಳಿ ಬಾವುಟ ಎತ್ತಿದರು. ನಾನು ಮನಸ್ಸಿನಲ್ಲೇ ಮರುಗಿದೆ. ಬಿಳಿ ಎತ್ತಿದವರೆಲ್ಲ ಶರಣಾದವರು ಎಂಬುದನ್ನು ಕಣ್ಣಾರೆ ಕಂಡವ ನಾನು. ಅಮೆರಿಕದವ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ ಎಸೆದ, ತಟ್ಟೆ ಎಲ್ಲರದಕ್ಕಿಂತ ದೂರ ಹೋಯಿತು, ಅವನಿಗೂ ಬಿಳಿಯೇ. ಇದೆಂಥ ನ್ಯಾಯ ಎಂದುಕೊಂಡೆ.

ನನ್ನ ಪಾಳಿ ಬಂತು. ತಿರುಗಿ ಎಸೆದೆ, ತಟ್ಟೆ ಚೆನ್ನಾಗಿ ಹಾರಿತು. ಬಾಗಿ, ಬಳೆಯಾಚೆಯ ಮಣ್ಣು ಮುಟ್ಟಿ ಹಣೆಗೆ ಹಚ್ಚಿದೆ. ಕಣ್ಣೆತ್ತಿದರೆ ನನ್ನೊಬ್ಬನಿಗೆ ಮಾತ್ರ ಕೆಂಪು ಬಾವುಟ. ಕುಂಕುಮದ ಬಣ್ಣ. ನಾನು ಎರಡೂ ಕೈ ಎತ್ತಿ ನಾಲ್ಕೂ ದಿಕ್ಕಿಗೆ ನಮಸ್ಕಾರ ಮಾಡಿದೆ. ಜನ ನಕ್ಕರು, ನಾನೂ ನಕ್ಕೆ. ಯಲ್ಲಪ್ಪ ಮಾತ್ರ ಹಗ್ಗದಾಚೆಯಿಂದ ಹಣೆ ಬಡಿದುಕೊಂಡು ಕರೆದ. ಕೆಂಪು ಎಂದರೆ ಎಸೆತ ಲೆಕ್ಕಕ್ಕಿಲ್ಲ, ಅಳೆಯುವುದೂ ಇಲ್ಲ, ಬಳೆಯಾಚೆ ಕೈ ಊರಿದೆ ನೀನು ಎಂದು ಪಕ್ಕದ ಗೂರ್ಖಾ ಸುಬೇದಾರರಿಂದ ಕೇಳಿ ತಿಳಿದುಕೊಂಡಿದ್ದ. ನನ್ನ ನಗು ಅಲ್ಲಿಗೆ ನಿಂತಿತು.

ಅಮೆರಿಕದವ ದೇವರನ್ನು ನೆನೆದರೆ ಬಿಳಿ, ನಾನು ನೆನೆದರೆ ಕೆಂಪು. ಅವನ ದೇವರು ಎದೆಯ ಮೇಲೆ, ನನ್ನ ದೇವರು ನೆಲದ ಮೇಲೆ, ವ್ಯತ್ಯಾಸ ಇಷ್ಟೇ. ಸಿಟ್ಟಿನಲ್ಲಿ ಕುದಿಯುತ್ತಾ ಎರಡನೆಯ ಸಲ ಹೋದೆ. ಎಸೆದೆ. ಕೈ ಕೆಳಗೆ ಹೋಗದಂತೆ ಎರಡೂ ಮುಷ್ಟಿ ಸೊಂಟಕ್ಕೆ ಒತ್ತಿ ಹಿಡಿದೆ. ಪಂಚರು ಹಿಂದೆ, ಹಿಂದೆ ಎಂದು ಸನ್ನೆ ಮಾಡಿದರು. ಅಷ್ಟು ಜನರ ಎದುರು ಕಣಕ್ಕೆ ಬೆನ್ನು ತೋರಿಸಿ ಹೊರಡುವುದು ನನ್ನ ಕಾಲುಗಳಿಗೆ ಒಪ್ಪಿಗೆಯಾಗಲಿಲ್ಲ. ತಲೆ ಎತ್ತಿಕೊಂಡು ನೇರ ಮುಂದಕ್ಕೆ ನಡೆದೆ, ಬಳೆ ದಾಟಿದೆ. ಮತ್ತೆ ಕೆಂಪು. ಎಸೆದ ಮೇಲೆ ವೃತ್ತದ ಹಿಂದಿನ ಅರ್ಧದಿಂದಲೇ ಹೊರಗೆ ಬರಬೇಕಂತೆ.

ಹಗ್ಗದ ಹತ್ತಿರ ಕುಳಿತುಬಿಟ್ಟೆ. ಉಳಿದದ್ದು ಒಂದೇ ಎಸೆತ. ಕಿಸೆಯಲ್ಲಿದ್ದ ಕತ್ತರಿ ಪಕ್ಕೆಗೆ ಒತ್ತುತ್ತಿತ್ತು. ಐದನೆಯ ವರ್ಷ ಎಂದರೆ ಇನ್ನೆರಡು ಬೇಸಿಗೆ, ಆ ಕೂಸು ಅಷ್ಟು ದಿನ ನನ್ನ ಹೊರೆ ಹೊರಬೇಕು. ಯಲ್ಲಪ್ಪನಿಗೆ ಹೇಳಿದೆ, "ಕೈ ತಡದೆ. ಬೆನ್ನು ತೋರ್ಸಾಕ ಮಾತ್ರ ನನ್ನ ಕೈಲಿ ಆಗೂದಿಲ್ಲೋ. ಸೋತವನಂಗ ಹೆಂಗ ಹೋಗ್ಲಿ?"

ಅವನು ಆ ದಿನ ಮೊದಲ ಬಾರಿಗೆ ಗೇಲಿ ಮಾಡಲಿಲ್ಲ. ನನ್ನ ಬಾಜೂ ಕುಕ್ಕರಗಾಲಲ್ಲಿ ಕುಳಿತು ಕೇಳಿದ, "ಗುಡ್ಯಾಗ ದೇವ್ರಿಗೆ ಬೆನ್ನ ತೋರಸ್ತಿಯೇನು?"

"ಇಲ್ಲ."

"ಮತ್ತ ಗುಡಿಯಿಂದ ಹೊರಗ ಹೆಂಗ ಬರ್ತಿ?"

"ಮಾರಿ ಅತ್ತ ಮಾಡ್ಕೊಂಡು, ಹಿಂದ ಹಿಂದ ಸರಕೋಂತ."

"ಹಂಗ ಬಾ. ಅವರ ಕಾಯ್ದೆನೂ ಉಳೀತೈತಿ, ನಿಮ್ಮ ಉಸ್ತಾದರ ಮಾತೂ ಉಳೀತೈತಿ. ಹೊರಗ ಬಂದಮ್ಯಾಲ ಬೇಕಾದಷ್ಟು ಮಣ್ಣು ಮುಟ್ಟು, ರೋಮಿನ ಮಣ್ಣು ಎಲ್ಲಿ ಓಡಿ ಹೋಗಂಗಿಲ್ಲ."

ಹುಟ್ಟಿದಾಗಿನಿಂದ ಗುಡಿಗೆ ಹೋಗುತ್ತಿದ್ದೇನೆ, ಪ್ರತಿಸಲ ಹಾಗೆಯೇ ಹೊರಗೆ ಬಂದಿದ್ದೇನೆ. ಅದು ಇಲ್ಲಿಗೂ ಸಲ್ಲುತ್ತದೆಂದು ನನಗೆ ಹೊಳೆದಿರಲಿಲ್ಲ.

ಮೂರನೆಯ ಸಲ ವೃತ್ತದಲ್ಲಿ ನಿಂತಾಗ ಸಿಟ್ಟು ಇಳಿದಿತ್ತು. ತಟ್ಟೆ ಮೊದಲೆರಡು ಸಲದಷ್ಟು ದೂರ ಹೋಗಲಿಲ್ಲ, ಭಯಕ್ಕೆ ಕೈ ಕೊಂಚ ಬಿಗಿಯಿತು. ಅದು ಬಿದ್ದ ಜಾಗ ನೋಡುತ್ತಾ, ಎರಡೂ ಕೈ ಜೋಡಿಸಿ, ಒಂದೊಂದೇ ಹೆಜ್ಜೆ ಹಿಂದೆ ಸರಿದೆ. ಹಿಮ್ಮಡಿಗೆ ಬಳೆ ಸಿಕ್ಕಿ ಎಡವಿಯೇನೋ ಎಂದು ಜೀವ ಹಿಡಿದುಕೊಂಡು, ಕಾಲು ಎತ್ತಿ ದಾಟಿದೆ. ಹೊರಗೆ ಬಂದು ಮೊಣಕಾಲೂರಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿದೆ. ಪಂಚರು ನನ್ನನ್ನೂ ಬಳೆಯನ್ನೂ ನೋಡಿ, ಬಿಳಿ ಬಾವುಟ ಎತ್ತಿದರು. ಇಂಥ ಚಂದದ ಬಣ್ಣವನ್ನು ನಾನು ಮುಂಜಾನೆಯಿಂದ ಬೈದಿದ್ದೆ.

ಅಳೆದು ನೋಡಿದಾಗ ನಾನು ಆರನೆಯವ. ಏಳನೆಯವನಾದ ಫ್ರೆಂಚ್ ಸಿಪಾಯಿಗೂ ನನಗೂ ನಾಲ್ಕು ಬೆರಳಿನ ಅಂತರ. ಅವನು ಬಂದು ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟ. ಸೋತವನು ಗೆದ್ದವನಿಗೆ ಮುತ್ತು ಕೊಡುವ ದೇಶ ಅವನದು. ನಾನು ನಾಚಿಕೊಂಡು ಅವನಿಗೂ ಕರದಂಟು ಕೊಟ್ಟೆ. ಉಳಿದ ಮೂರು ಎಸೆತಗಳಲ್ಲಿ ನಾನು ಮೇಲೇರಲಿಲ್ಲ, ಅಮೆರಿಕದವನೇ ಮೊದಲಿಗನಾದ. ಪದಕ ಹಾಕಿಸಿಕೊಂಡವನು ಕಟ್ಟೆಯಿಂದ ಇಳಿಯುವಾಗ, ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, ಕೈ ಜೋಡಿಸಿಕೊಂಡು ಹಿಂದೆ ಹಿಂದೆ ಸರಿದ. ಹಿಂದೆ ಯಾರಿದ್ದಾರೆಂದು ನೋಡದೆ ಬ್ಯಾಂಡಿನವನ ಡೋಲಿನ ಮೇಲೆ ಕುಳಿತುಬಿಟ್ಟ.

ಕ್ಯಾಪ್ಟನ್ ಸಾಹೇಬರು ಓಡಿಬಂದು ಎಷ್ಟನೆಯವ ಎಂದು ಕೇಳಿದರು. ಆರು ಎಂದೆ. ಹಡಗು ಏರುವವನಿಗೆ ಆರೂ ಒಂದೇ, ಒಂದೂ ಒಂದೇ ಎಂದು ಬೆನ್ನು ತಟ್ಟಿದರು. ಕೊಟ್ಟ ಮಾತನ್ನು ಉಳಿಸಿಕೊಂಡರು. ಯಲ್ಲಪ್ಪನಿಗೆ ಹಡಗು ಸಿಗಲಿಲ್ಲ. ನಾನು ಹೊರಡುವ ದಿನ ಅವನು ಎರಡೂ ಕಡೆ ಸರಿಯಾಗಿ ಬೆಂದ ರೊಟ್ಟಿ ಕಟ್ಟಿಕೊಟ್ಟ. ತಗ್ಗಿದ ಹಂಚಿನ ಮೇಲೆ ಅದನ್ನು ಹೇಗೆ ಬೇಯಿಸಿದನೋ ಅವನಿಗೇ ಗೊತ್ತು.

ಗೋಕಾಕ ರೋಡ್, ಮಸಗುಪ್ಪಿ

ಮುಂಬಯಿಯಲ್ಲಿ ಇಳಿದು, ರೈಲು ಹಿಡಿದು, ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ಕಾಲಿಟ್ಟಾಗ ಬಿಸಿಲಿಗೆ ನೆಲ ಕಾದಿತ್ತು. ಅಲ್ಲಿಂದ ಒಂದು ಚಕ್ಕಡಿ ಸಿಕ್ಕಿತು. ಚಕ್ಕಡಿಯವ ಎಲ್ಲಿಂದ ಬಂದಿರಿ ಎಂದು ಕೇಳಿದ. ರೋಮಿನಿಂದ ಎಂದೆ. ಅದು ಅಥಣಿಯ ಆಚೆಗೋ ಈಚೆಗೋ ಎಂದ. ಆಚೆಗೆ ಎಂದೆ.

ಮನೆಯ ಅಂಗಳದಲ್ಲಿ ಎರಡು ಜಡೆಯ ಹುಡುಗಿಯೊಂದು ಕರುವಿನ ಬಾಲ ಹಿಡಿದು ಆಡುತ್ತಿತ್ತು. ಯಾರ ಮಗಳು ಎಂದು ಕೇಳುವಷ್ಟರಲ್ಲಿ ಅದು ಅಂಗಿ ಎತ್ತಿ ಗೋಡೆಗೆ ಉಚ್ಚೆ ಹೊಯ್ಯಿತು. ನನ್ನ ಸೋದರಳಿಯನನ್ನು ನಾನು ಗುರುತು ಹಿಡಿದದ್ದು ಹೀಗೆ. ಒಳಗಿಂದ ಬಂದ ನೀಲವ್ವ ನನ್ನನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಒಳ್ಳೆಯ ದಿನ ನೋಡಿ ಅಂಗಳದಲ್ಲಿ ಕಂಬಳಿ ಹಾಸಿದರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಮೊದಲ ಎಳೆಗಳು ನನ್ನವು, ಉಳಿದದ್ದನ್ನು ತೆಗೆಯಲು ಹಡಪದ ಮಲ್ಲಪ್ಪ ಕತ್ತಿ ಮಸೆದುಕೊಂಡು ಕುಳಿತಿದ್ದ. ರೋಮಿನ ಕತ್ತರಿಯನ್ನು ಪೂಜೆಗೆಂದು ನೀಲವ್ವನ ಕೈಗೆ ಕೊಟ್ಟಿದ್ದೆ. ಪೂಜೆ ಮುಗಿಯಿತು, ನಾನು ಕೈ ಚಾಚಿದೆ. ಆಕೆ ಕೊಡಲಿಲ್ಲ. ಸೆರಗಿನೊಳಗೆ ಗಟ್ಟಿಯಾಗಿ ಹಿಡಿದುಕೊಂಡು ನಿಂತಳು. ಮಲ್ಲಪ್ಪ ಹೊತ್ತು ಮೀರುತ್ತದೆ ಎಂದ. ಹೆಂಗಸರು ಮುಖ ಮುಖ ನೋಡಿಕೊಂಡರು.

"ಯಾಕ ತಂಗಿ?" ಎಂದೆ.

"ಇಷ್ಟು ದಿನ ಇದ ನಿನ್ನ ಕಾಯ್ದೈತಿ, ಅಣ್ಣಾ," ಎಂದಳು. "ರಜಾ ತೀರಿದ ಮ್ಯಾಲ ಮತ್ತ ಹೋಗ್ತಿ. ಆವಾಗ ಏನ್ ಹಿಡಕೊಂಡ ಕೂಡ್ಲಿ ನಾನು?"

ನನ್ನ ಕೈ ತಾನೇ ಕೆಳಗೆ ಹೋಯಿತು. ಕಂಬಳಿಯ ಅಂಚಿನಾಚೆ, ಅಂಗಳದ ಮಣ್ಣು ಮುಟ್ಟಿ ಹಣೆಗೆ ಹಚ್ಚಿದೆ. ಇಲ್ಲಿ ಯಾರೂ ಕೆಂಪು ಬಾವುಟ ಎತ್ತಲಿಲ್ಲ.

"ಲಡಾಯಿ ಮುಗದೈತಿ, ನೀಲವ್ವ," ಎಂದೆ. "ಪಲ್ಟನ್ನ್ಯಾಗ ಹೆಸರು ಕಡಸ್ಕೊಂಡ ಬರಾಕಷ್ಟ ಹೋಗ್ತೇನಿ. ಈ ಮಣ್ಣು ಮುಟ್ಟಿ ಹೇಳ್ತೇನಿ, ಬರ್ತೇನಿ."

ಮಗು ನನ್ನ ಹಣೆಯ ಮೇಲಿನ ಮಣ್ಣು ನೋಡಿ ನಕ್ಕಿತು. ತಾನೂ ಬಾಗಿ, ಕೈ ತುಂಬ ಮಣ್ಣು ಬಾಚಿ, ತನ್ನ ಹಣೆಗೆ, ಮೂಗಿಗೆ, ಜಡೆಗೆ ಎಲ್ಲ ಮೆತ್ತಿಕೊಂಡಿತು. ನೀಲವ್ವ ಅಳುತ್ತಲೇ ನಕ್ಕಳು, ಕತ್ತರಿ ನನ್ನ ಕೈಗಿಟ್ಟಳು.